ಗಾಲಿಯ ಕಪ್ಪು, ಗಾಲಿಯ ಹೊಳಪು: ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲದಲ್ಲಿ ಕಾರಿನ ಆರೈಕೆಯ ಕುರಿತು ಈ ಅಂಕಣದಲ್ಲಿ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಎಂಜಿನ್ನಿನ ಬಗ್ಗೆ ಅಲ್ಲ, ಬಣ್ಣದ ಬಗ್ಗೆಯೂ ಅಲ್ಲ, ಗಾಲಿಗಳ ಬಗ್ಗೆ ಇದ್ದವು. ಆದುದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಪತ್ರ ಬರೆದವರ ಹೆಸರನ್ನು ಬಿಟ್ಟು ಊರನ್ನು ಮಾತ್ರ ಉಳಿಸಿಕೊಂಡಿದ್ದೇವೆ. ಇಲ್ಲಿ ‘ಗಾಲಿ’ ಎಂದರೆ ಲೋಹದ ಭಾಗ. ಅದರ ಸುತ್ತಲಿನ ರಬ್ಬರನ್ನು ಟೈರ್ ಎಂದೇ ಕರೆದಿದ್ದೇವೆ.

ಪ್ರಶ್ನೆ: ನಮ್ಮದು ಅಲಾಯ್ ವೀಲ್ ಇರುವ ಆಟೊಮ್ಯಾಟಿಕ್ ಕಾರು. ಭಾನುವಾರ ತೊಳೆದರೆ ಮುಂದಿನ ಶನಿವಾರದೊಳಗೆ ಮುಂದಿನ ಎರಡು ಗಾಲಿಗಳು ಮಸಿ ಬಳಿದಂತಾಗುತ್ತವೆ, ಹಿಂದಿನವು ಹಾಗಾಗುವುದಿಲ್ಲ. ವಾರಕ್ಕೆರಡು ಬಾರಿ ಚಾಮುಂಡಿ ಬೆಟ್ಟಕ್ಕೆ ಹೋಗಿಬರುತ್ತೇವೆ. ಈ ಕಪ್ಪು ಎಲ್ಲಿಂದ ಬರುತ್ತದೆ?
(ಬ್ಯಾಂಕ್ ಉದ್ಯೋಗಿ, ಮೈಸೂರು)

ಉತ್ತರ: ಅದು ರಸ್ತೆಯ ಕೊಳೆಯಲ್ಲ, ತಮ್ಮ ಕಾರಿನ ಬ್ರೇಕ್ ಸವೆದು ಉದುರಿಸಿದ ಪುಡಿ. ಬ್ರೇಕ್ ಒತ್ತಿದಾಗ ಪ್ಯಾಡ್‌ಗಳು ಗಾಲಿಯೊಡನೆ ತಿರುಗುವ ಎರಕದ ಕಬ್ಬಿಣದ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುತ್ತವೆ. ಪ್ಯಾಡಿನ ರಾಳ, ನಾರು, ಇಂಗಾಲದ ಜೊತೆಗೆ ಡಿಸ್ಕಿನ ಕಬ್ಬಿಣವೂ ಕಣ್ಣಿಗೆ ಕಾಣದಷ್ಟು ಸಣ್ಣ ಚೂರುಗಳಾಗಿ ಹಾರಿ, ಬಿಸಿಬಿಸಿಯಾಗಿಯೇ ಪಕ್ಕದ ಗಾಲಿಗೆ ಅಂಟಿಕೊಳ್ಳುತ್ತದೆ. ಕಾರು ನಿಲ್ಲುವಾಗ ಅದರ ಭಾರ ಮುಂದಕ್ಕೆ ವಾಲುವುದರಿಂದ ಬ್ರೇಕ್ ಹಿಡಿಯುವ ಕೆಲಸದ ದೊಡ್ಡ ಪಾಲು ಮುಂದಿನ ಗಾಲಿಗಳದ್ದಾಗುತ್ತದೆ. ಮೇಲಾಗಿ ನಮ್ಮಲ್ಲಿ ಓಡುವ ಸಣ್ಣ ಕಾರುಗಳಲ್ಲಿ ಹೆಚ್ಚಿನವುಗಳಿಗೆ ಹಿಂದೆ ಡ್ರಮ್ ಬ್ರೇಕ್ ಇರುತ್ತದೆ. ಅದರ ಪುಡಿ ಬಹುಪಾಲು ಡ್ರಮ್ಮಿನೊಳಗೇ ಉಳಿಯುತ್ತದೆ. ಹಿಂದಿನ ಗಾಲಿಗಳು ಚೊಕ್ಕಟವಾಗಿ ಕಾಣುವುದು ಇದರಿಂದಲೇ.

ಈ ಪುಡಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಅದರಲ್ಲಿರುವ ಕಬ್ಬಿಣಕ್ಕೆ ನೀರು ತಾಗಿ ತುಕ್ಕು ಹಿಡಿಯುತ್ತದೆ. ಹಾಗೆ ತುಕ್ಕು ಹಿಡಿದ ಕಣ ಗಾಲಿಯ ಮೇಲಿರುವ ಪಾರದರ್ಶಕ ಲೇಪವನ್ನು, ಅಂದರೆ ಗ್ಯಾರೇಜಿನವರು ಕ್ಲಿಯರ್ ಕೋಟ್ ಎನ್ನುವ ಪದರವನ್ನು, ಕಚ್ಚಿ ಕುಳಿತ ಕಿತ್ತಳೆ-ಕಂದು ಚುಕ್ಕೆಯಾಗುತ್ತದೆ. ಅಲಾಯ್ ಗಾಲಿಯ ಆರೈಕೆಯೆಂದರೆ ಬಹುಮಟ್ಟಿಗೆ ಕಾಗದಕ್ಕಿಂತ ತೆಳ್ಳಗಿನ ಈ ಲೇಪದ ಆರೈಕೆಯೇ. ಒಳಗಿನ ಅಲ್ಯೂಮಿನಿಯಂ ಮಿಶ್ರಲೋಹವನ್ನು ನಾವು ಮುಟ್ಟುವುದೇ ಇಲ್ಲ, ಮುಟ್ಟುವಂತಾದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಮುಂದಿನ ಉತ್ತರಗಳಲ್ಲಿ ಈ ಲೇಪದ ಮಾತು ಮತ್ತೆ ಮತ್ತೆ ಬರಲಿದೆ.

ತೊಳೆಯುವ ಕ್ರಮ ಸರಳವಾದದ್ದು. ಕಾರನ್ನು ನೆರಳಿನಲ್ಲಿ ನಿಲ್ಲಿಸಿ, ಗಾಲಿ ಕೈಗೆ ತಣ್ಣಗೆ ತಾಗುವವರೆಗೆ ಕಾಯಬೇಕು. ಬೆಟ್ಟ ಇಳಿದು ಬಂದ ಕೂಡಲೇ ಕಾದ ಡಿಸ್ಕಿಗೆ ತಣ್ಣೀರು ಹೊಡೆದರೆ ಅದು ಸೊಟ್ಟಗಾಗಬಹುದು, ಹಾಕಿದ ಶಾಂಪೂ ಸಹ ತೊಳೆಯುವ ಮೊದಲೇ ಒಣಗಿ ಕಲೆಯಾಗುತ್ತದೆ. ಮೊದಲು ಗಾಲಿ, ಆಮೇಲೆ ಕಾರಿನ ಮೈ. ಗಾಲಿಗೆಂದೇ ಬೇರೆ ಬಕೆಟ್ ಮತ್ತು ಬೇರೆ ಬಟ್ಟೆ ಇರಲಿ, ಏಕೆಂದರೆ ಗಾಲಿ ಒರೆಸಿದ ಬಟ್ಟೆಯಲ್ಲಿ ಸಿಕ್ಕಿಕೊಂಡ ಕಬ್ಬಿಣದ ಚೂರುಗಳು ಬಾನೆಟ್ಟಿನ ಮೇಲೆ ಉಪ್ಪುಕಾಗದದಂತೆ ಗೀರು ಹಾಕುತ್ತವೆ. ಬರಿಯ ನೀರಿನಿಂದ ಸಡಿಲ ಪುಡಿಯನ್ನು ಇಳಿಸಿ, ಕಾರಿನ ಶಾಂಪೂ ಬೆರೆಸಿದ ನೀರಿನಲ್ಲಿ ಮೃದುವಾದ ಬ್ರಷ್ ಅದ್ದಿ ಉಜ್ಜಿ. ನಟ್‌ಗಳ ಗುಳಿಗಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಗಾಲಿಯ ಕಡ್ಡಿಗಳ (ಸ್ಪೋಕ್) ಹಿಂಬದಿಯನ್ನು ಮರೆಯಬೇಡಿ, ಪುಡಿ ಮೊದಲು ಕೂರುವುದೇ ಅಲ್ಲಿ. ಕೊನೆಗೆ ಬಟ್ಟೆಯಿಂದ ಒರೆಸಿ, ಕಾರನ್ನು ಸ್ವಲ್ಪ ದೂರ ಓಡಿಸುತ್ತಾ ಒಂದೆರಡು ಬಾರಿ ಮೆಲ್ಲಗೆ ಬ್ರೇಕ್ ಒತ್ತಿದರೆ ಡಿಸ್ಕ್ ಒಣಗುತ್ತದೆ. ಮರುದಿನ ಬೆಳಿಗ್ಗೆ ಡಿಸ್ಕಿನ ಮೇಲೆ ತೆಳುವಾದ ತುಕ್ಕು ಕಂಡರೆ ಗಾಬರಿ ಬೇಡ, ನಾಲ್ಕು ಬಾರಿ ಬ್ರೇಕ್ ಹಿಡಿಯುವಷ್ಟರಲ್ಲಿ ಅದು ಹೋಗುತ್ತದೆ.

ಕಿತ್ತಳೆ ಚುಕ್ಕೆಗಳು ಆಗಲೇ ಮೂಡಿದ್ದರೆ ಶಾಂಪೂವಿಗೆ ಅವು ಜಗ್ಗುವುದಿಲ್ಲ. ಅದಕ್ಕಾಗಿ ‘ಐರನ್ ರಿಮೂವರ್’ ಎಂಬ ದ್ರವ ಸಿಗುತ್ತದೆ. ಅದರಲ್ಲಿರುವ ಥಯೋಗ್ಲೈಕೋಲೇಟ್ ಎಂಬ ಲವಣ ಕಬ್ಬಿಣದೊಡನೆ ಕೂಡಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ನೋಡಿದವರಿಗೆ ಗಾಲಿಯಿಂದ ನೇರಳೆಹಣ್ಣಿನ ರಸ ಸುರಿದಂತೆ ಕಾಣುತ್ತದೆ. ಸಿಂಪಡಿಸಿ ಮೂರು ನಾಲ್ಕು ನಿಮಿಷ ಬಿಟ್ಟು, ಒಣಗಲು ಬಿಡದೆ ಧಾರಾಳವಾಗಿ ನೀರು ಹಾಕಿ ತೊಳೆಯಬೇಕು. ಬ್ಯೂಟಿ ಪಾರ್ಲರಿನಲ್ಲಿ ಕೂದಲು ಗುಂಗುರು ಮಾಡುವ ದ್ರವದಲ್ಲಿಯೂ ಇದೇ ಕುಲದ ರಾಸಾಯನಿಕವಿರುವುದರಿಂದ ಅದೇ ಗಂಧಕದ ದುರ್ವಾಸನೆ ಇಲ್ಲಿಯೂ ಇರುತ್ತದೆ. ಕೈಗವಸು ಹಾಕಿಕೊಂಡು, ಗಾಳಿಯಾಡುವ ಕಡೆ ಬಳಸಿ. ಮೂರು ನಾಲ್ಕು ತಿಂಗಳಿಗೊಮ್ಮೆ ಬಳಸಿದರೆ ಸಾಕು, ಬಾಟಲಿಯ ಮೇಲೆ ಆಮ್ಲರಹಿತ ಅಥವಾ ಪಿಎಚ್ ತಟಸ್ಥ (ಪಿಎಚ್ ಎಂದರೆ ಹುಳಿ, ಕ್ಷಾರಗಳ ಅಳತೆ) ಎಂದು ಬರೆದಿರುವುದನ್ನೇ ಕೊಳ್ಳಿ.

ಪುಡಿಯನ್ನೇ ಕಡಿಮೆ ಮಾಡುವ ಉಪಾಯವೂ ತಮ್ಮ ಕೈಯಲ್ಲಿಯೇ ಇದೆ. ಬೆಟ್ಟ ಇಳಿಯುವಾಗ ಆಟೊಮ್ಯಾಟಿಕ್ ಗೇರನ್ನು ‘ಡಿ’ಯಲ್ಲಿಯೇ ಬಿಟ್ಟು ಉದ್ದಕ್ಕೂ ಬ್ರೇಕ್ ಒತ್ತಿಕೊಂಡು ಬರುವ ಬದಲು ‘ಎಲ್’ ಅಥವಾ ‘2’ಕ್ಕೆ ಇಳಿಸಿದರೆ ಎಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ. ಇದು ಗಾಲಿಗಿಂತಲೂ ಬ್ರೇಕಿಗೆ ಒಳ್ಳೆಯದು. ಇನ್ನೊಂದು ವಿಷಯವನ್ನು ಗಮನಿಸಿ: ಮುಂದಿನ ಎರಡು ಗಾಲಿಗಳಲ್ಲಿ ಒಂದೇ ಹೆಚ್ಚು ಕಪ್ಪಾಗುತ್ತಿದ್ದರೆ ಆ ಬದಿಯ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ, ಪೂರ್ತಿ ಬಿಡದೆ ಕಚ್ಚಿಕೊಂಡಿರುವ ಸಾಧ್ಯತೆಯಿದೆ, ಕಪ್ಪು ಒಣ ಪುಡಿಯಾಗಿರದೆ ಜಿಡ್ಡಾಗಿದ್ದರೆ ಆಕ್ಸಲ್ ಬೂಟ್ (ಆಕ್ಸಲ್ಲಿನ ಕೀಲಿನ ರಬ್ಬರ್ ಹೊದಿಕೆ) ಹರಿದು ಗ್ರೀಸ್ ಸಿಡಿಯುತ್ತಿರಬಹುದು, ಇಲ್ಲವೇ ಬ್ರೇಕ್ ಆಯಿಲ್ ಸೋರುತ್ತಿರಬಹುದು. ಅಂಥಲ್ಲಿ ತೊಳೆಯುವುದನ್ನು ಬಿಟ್ಟು ಮೊದಲು ಮೆಕ್ಯಾನಿಕ್ಕಿಗೆ ತೋರಿಸಬೇಕು.

ಪ್ರಶ್ನೆ: ವಾಟರ್ ಸರ್ವಿಸ್‌ಗೆ ಕೊಟ್ಟಿದ್ದ ಕಾರು ಹಿಂದಿರುಗಿದಾಗ ಗಾಲಿಗಳು ಹೊಸದರಂತೆ ಹೊಳೆಯುತ್ತಿದ್ದವು. ಹತ್ತು ಹದಿನೈದು ದಿನಗಳಲ್ಲಿ ಅಲ್ಲಲ್ಲಿ ಹಾಲು ಚೆಲ್ಲಿದಂಥ ಬಿಳಿ ಮಚ್ಚೆಗಳು ಎದ್ದಿವೆ, ಏನು ಹಾಕಿ ಉಜ್ಜಿದರೂ ಹೋಗುತ್ತಿಲ್ಲ.
(ಅಡಿಕೆ ವರ್ತಕರು, ದಾವಣಗೆರೆ ಜಿಲ್ಲೆ)

ಉತ್ತರ: ಗಾಲಿಗೆ ಆಸಿಡ್ ಹಾಕಿ ತೊಳೆದಿರುವುದರ ಗುರುತು ಇದು. ಬಚ್ಚಲುಮನೆ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲವನ್ನೇ ನೀರು ಬೆರೆಸಿ ಬಳಸುವುದುಂಟು. ಕೆಲವು ಅಗ್ಗದ ವೀಲ್ ಕ್ಲೀನರ್‌ಗಳಲ್ಲಿ ಅದಕ್ಕಿಂತ ಅಪಾಯಕಾರಿಯಾದ ಫ್ಲೋರೈಡ್ ಜಾತಿಯ ಆಮ್ಲವೂ ಇರುತ್ತದೆ. ಬ್ರೇಕಿನ ಪುಡಿಯನ್ನು ಅರೆ ನಿಮಿಷದಲ್ಲಿ ಕರಗಿಸುವುದರಿಂದ ಕೆಲಸದವರಿಗೆ ಅದು ಪ್ರಿಯ. ಆದರೆ ಕ್ಲಿಯರ್ ಕೋಟ್‌ನಲ್ಲಿ ಕಲ್ಲು ಸಿಡಿದು ಆದ ಸೂಜಿಮೊನೆಯಷ್ಟು ತೂತಿದ್ದರೂ ಆಮ್ಲ ಅದರೊಳಗೆ ಇಳಿದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ಅಲ್ಯೂಮಿನಿಯಮ್ಮನ್ನು ಕಾಯುವುದು ಅದರ ಮೇಲೆ ತಾನಾಗಿ ಬೆಳೆಯುವ ಆಕ್ಸೈಡಿನ ಅತಿ ತೆಳ್ಳನೆಯ ಪೊರೆ. ಆ ಪೊರೆಗೆ ಹುಳಿಯೂ ಆಗದು, ಕಾಸ್ಟಿಕ್ ಸೋಡದಂಥ ಕ್ಷಾರವೂ ಆಗದು. ಸುಮಾರು 4ರಿಂದ 9ರ ನಡುವಿನ ಪಿಎಚ್‌ನಲ್ಲಿ ಮಾತ್ರ ಅದು ನೆಮ್ಮದಿಯಾಗಿರುತ್ತದೆ. ಲೇಪದ ಕೆಳಗೆ ಒಮ್ಮೆ ಕೊರೆತ ಆರಂಭವಾಯಿತೆಂದರೆ ಮೇಲಿನಿಂದ ಎಷ್ಟು ಉಜ್ಜಿದರೂ ಅದು ತಲುಪುವುದಿಲ್ಲ. ತಾವು ಉಜ್ಜುತ್ತಿರುವುದು ಗಾಜಿನ ಹೊರಗಿನಿಂದ ಒಳಗಿನ ಕಲೆಯನ್ನು ಒರೆಸಿದ ಹಾಗೆ.

ಮಚ್ಚೆ ಎದ್ದ ಗಾಲಿಗೆ ಉಳಿದಿರುವ ದಾರಿ ಒಂದೇ: ಟೈರ್ ಕಳಚಿ, ಹಳೆಯ ಲೇಪವನ್ನು ಪೂರ್ತಿ ತೆಗೆಸಿ, ಹೊಸದಾಗಿ ಪ್ರೈಮರ್, ಬಣ್ಣ ಮತ್ತು ಕ್ಲಿಯರ್ ಕೋಟ್ ಹಾಕಿಸುವುದು. ಪೌಡರ್ ಕೋಟಿಂಗ್ ಮಾಡುವವರು ಗಾಲಿಯನ್ನು ಒಲೆಯಲ್ಲಿ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಎರಕದ ಗಾಲಿಗೆ ಅದರ ಬಲ ಬಂದಿರುವುದು ಕಾರ್ಖಾನೆಯಲ್ಲಿ ಇದಕ್ಕಿಂತ ಕಡಿಮೆ ಶಾಖದಲ್ಲಿ, ಸರಿಸುಮಾರು 160 ಡಿಗ್ರಿಯ ಆಸುಪಾಸಿನಲ್ಲಿ, ಗಂಟೆಗಟ್ಟಲೆ ಹದಗೊಳಿಸಿದ್ದರಿಂದ. ಅದನ್ನು ಮೀರಿ ಕಾಯಿಸಿದರೆ ಆ ಬಲ ಕುಂದಬಹುದು. ಆದುದರಿಂದ ಕಡಿಮೆ ಶಾಖದಲ್ಲಿ ಗಟ್ಟಿಯಾಗುವ ಸಾಮಾನ್ಯ ಬಣ್ಣವನ್ನೇ ಆರಿಸಿಕೊಳ್ಳುವುದು ನನ್ನ ಸಲಹೆ. ಬಿರುಕು ಬಿಟ್ಟ ಗಾಲಿಯನ್ನಂತೂ ವೆಲ್ಡಿಂಗ್ ಮಾಡಿಸಿ ಮತ್ತೆ ಹಾಕಿಕೊಳ್ಳಲೇಬಾರದು.

ಇನ್ನು ಮುಂದೆ ಕಾರು ಕೊಡುವಾಗಲೇ, ಗಾಲಿಗಳಿಗೆ ನೀರು ಮತ್ತು ಶಾಂಪೂ ಬಿಟ್ಟು ಬೇರೇನೂ ಹಾಕಬಾರದು ಎಂದು ಹೇಳಿ, ಸಾಧ್ಯವಾದರೆ ಎದುರಿಗೆ ನಿಂತುಕೊಳ್ಳಿ. ಕಾರಿನ ಅಡಿಗೆ ಡೀಸೆಲ್ ಹೊಡೆಯಲು ಬಂದರೆ ಅದನ್ನೂ ಬೇಡವೆನ್ನಿ. ಡೀಸೆಲ್ ತಾಗಿದ ರಬ್ಬರು ಉಬ್ಬಿ ಮೆತ್ತಗಾಗುತ್ತದೆ, ಬ್ರೇಕ್ ಡಿಸ್ಕಿಗೆ ಸಿಡಿದರೆ ಕಾರು ನಿಲ್ಲಬೇಕಾದ ಜಾಗದಲ್ಲಿ ನಿಲ್ಲುವುದಿಲ್ಲ. ಗಾಲಿಗಿಂತಲೂ ನನ್ನನ್ನು ಹೆಚ್ಚು ಕಾಡುವುದು ಆ ಆಸಿಡ್ಡನ್ನು ಬರಿಗೈಯಲ್ಲಿ, ಹವಾಯಿ ಚಪ್ಪಲಿ ಹಾಕಿಕೊಂಡು ಬಳಸುವ ಹುಡುಗರ ಸ್ಥಿತಿ. ಫ್ಲೋರೈಡ್ ಆಮ್ಲದ ಸುಟ್ಟಗಾಯ ಎಷ್ಟೋ ಬಾರಿ ಮೊದಲಿಗೆ ನೋಯುವುದಿಲ್ಲ. ಗಂಟೆಗಳ ಬಳಿಕ ನೋವು ಏಳುವಷ್ಟರಲ್ಲಿ ಅದು ಚರ್ಮ ದಾಟಿ ಒಳಗೆ ಇಳಿದಿರುತ್ತದೆ. ಅಂಥ ದ್ರವ ಮೈಗೆ ತಾಗಿದರೆ ಹೇರಳ ನೀರಿನಲ್ಲಿ ತೊಳೆದು, ನೋವು ಇಲ್ಲದಿದ್ದರೂ ಆಸ್ಪತ್ರೆಗೆ ಹೋಗಿ, ಏನು ತಾಗಿತೆಂಬುದನ್ನು ವೈದ್ಯರಿಗೆ ಹೇಳಬೇಕು.

ಪ್ರಶ್ನೆ: ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿದರೆ ಹಿತ್ತಾಳೆ ಕೊಡ ಬಂಗಾರದಂತಾಗುತ್ತದೆ. ಮಗನ ಕಾರಿನ ಗಾಲಿಗೂ ಹಾಗೆಯೇ ಮಾಡಬಹುದಲ್ಲವೇ ಎಂದು ಕೇಳಿದರೆ ಅವನು ನಗುತ್ತಾನೆ. ನಗುವಂಥದ್ದು ಏನಿದೆ?
(ನಿವೃತ್ತ ಮುಖ್ಯೋಪಾಧ್ಯಾಯಿನಿ, ಧಾರವಾಡ)

ಉತ್ತರ: ನಗುವಂಥದ್ದು ಏನೂ ಇಲ್ಲ, ಅಮ್ಮ, ಪ್ರಶ್ನೆ ಸರಿಯಾಗಿಯೇ ಇದೆ, ಲೋಹ ಮಾತ್ರ ಬೇರೆ. ಹಿತ್ತಾಳೆಯ ಮೇಲಿನ ಕಿಲುಬನ್ನು ಹುಣಸೆಯ ಟಾರ್ಟಾರಿಕ್ ಆಮ್ಲ ಕರಗಿಸುತ್ತದೆ, ಉಪ್ಪು ಅದಕ್ಕೆ ಚುರುಕು ಕೊಡುತ್ತದೆ. ಗಾಲಿ ಅಲ್ಯೂಮಿನಿಯಮ್ಮಿನದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಸಾರನ್ನು ರಾತ್ರಿಯಿಡೀ ಬಿಡಬಾರದೆಂದು ತಾವೇ ಎಷ್ಟು ಜನರಿಗೆ ಹೇಳಿಲ್ಲ! ಬಿಟ್ಟರೆ ಪಾತ್ರೆಯ ತಳದಲ್ಲಿ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ಗಾಲಿಯ ಲೇಪ ಎಲ್ಲಿ ಒಡೆದಿದೆಯೋ ಅಲ್ಲಿ ಹುಳಿ ಮತ್ತು ಉಪ್ಪು ಮಾಡುವುದೂ ಅದನ್ನೇ. ಲೇಪ ಗಟ್ಟಿಯಾಗಿರುವ ಕಡೆ ಅವುಗಳಿಗೆ ಮಾಡಲು ಕೆಲಸವೇ ಇಲ್ಲ. ಪಾತ್ರೆ ತೊಳೆಯುವ ಪುಡಿ, ಬೂದಿ, ಕಬ್ಬಿಣದ ಜುಂಗು ಇವೂ ಬೇಡ: ಬೂದಿಯಲ್ಲಿಯೂ ಪುಡಿಯಲ್ಲಿರುವ ಸೋಡದಲ್ಲಿಯೂ ಕ್ಷಾರವಿದೆ, ಜುಂಗು ಗೀರು ಹಾಕುತ್ತದೆ.

ಅಡುಗೆಮನೆಯಿಂದ ಏನಾದರೂ ಬಳಸಲೇಬೇಕೆಂದಿದ್ದರೆ ಅಂಟುವಾಳದ ನೊರೆ ಬಳಸಿ. ಅದು ಸೌಮ್ಯವಾದದ್ದು, ರೇಷ್ಮೆ ಸೀರೆಗೆ ಆಗುವುದು ಗಾಲಿಗೂ ಆಗುತ್ತದೆ. ಚೆನ್ನಾಗಿ ಸೋಸಿ, ಕೊನೆಗೆ ನೀರಿನಲ್ಲಿ ಪೂರ್ತಿ ತೊಳೆದರಾಯಿತು. ಒಣಗಿ ಉಳಿದ ನೊರೆ ದೂಳನ್ನು ಹಿಡಿಯುತ್ತದೆ.

ಗಾಲಿಗೆ ಲೇಪವಿದೆಯೋ, ಬರಿಯ ಪಾಲಿಶ್ ಮಾಡಿದ ಲೋಹವೋ ಎಂಬುದು ಅನುಮಾನವಾದರೆ, ಕಣ್ಣಿಗೆ ಬೀಳದ ಮೂಲೆಯಲ್ಲಿ ಬಿಳಿ ಬಟ್ಟೆಗೆ ಚೂರು ಲೋಹದ ಪಾಲಿಶ್ ಹಚ್ಚಿ ಉಜ್ಜಿ ನೋಡಬಹುದು. ಬಟ್ಟೆ ಕಪ್ಪಾದರೆ ಅಲ್ಲಿರುವುದು ಬರಿಯ ಲೋಹ, ಬೆಳ್ಳಗೆ ಉಳಿದರೆ ಲೇಪವಿದೆ. ಲೇಪವಿರುವ ಗಾಲಿಗೆ ಆ ಪಾಲಿಶ್‌ನಿಂದ ಮುಂದೆ ಯಾವ ಕೆಲಸವೂ ಇಲ್ಲ.

ಪ್ರಶ್ನೆ: ಮನೆ ಕಡಲಿಗೆ ಹತ್ತಿರ. ಕಾರಿಗೆ ಐದು ವರ್ಷ. ಗಾಲಿಯ ಅಂಚಿನಲ್ಲಿ ಲೇಪದ ಕೆಳಗೆ ಬಿಳಿ ಹುಳು ಹರಿದಂಥ ಗೆರೆಗಳಿವೆ. ಹಿಂದಿನ ಎಡಗಾಲಿ ವಾರಕ್ಕೊಮ್ಮೆ ಗಾಳಿ ಕಳೆದುಕೊಳ್ಳುತ್ತದೆ, ಪಂಕ್ಚರ್ ಅಂಗಡಿಯವರಿಗೆ ಮೊಳೆಯಾಗಲಿ ತೂತಾಗಲಿ ಸಿಗಲಿಲ್ಲ. ಕಳೆದ ಬಾರಿ ನಟ್ ಬಿಚ್ಚಿದರೂ ಗಾಲಿ ಜಾಗ ಬಿಟ್ಟು ಅಲುಗಲಿಲ್ಲ, ಒದ್ದು ತೆಗೆಯಬೇಕಾಯಿತು.
(ಶಿಕ್ಷಕರು, ಕುಂದಾಪುರ ತಾಲ್ಲೂಕು)

ಉತ್ತರ: ಮೂರೂ ಒಂದೇ ರೋಗದ ಲಕ್ಷಣಗಳು, ಕಾರಣ ಉಪ್ಪು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಅಲ್ಲಿ ಗಾಳಿಯ ಜೊತೆ ಬರುವ ತುಂತುರು ಕಾರಿನ ಗಾಜಿನ ಮೇಲೆ ಒಣಗಿ ಮಂಜಿನಂತೆ ಕಾಣುವುದನ್ನು ತಾವು ನೋಡಿಯೇ ಇರುತ್ತೀರಿ. ಅದೇ ಉಪ್ಪು ಗಾಲಿಯ ಸಂದುಗಳಲ್ಲಿಯೂ ಕೂರುತ್ತದೆ. ಉಪ್ಪು ಗಾಳಿಯಲ್ಲಿನ ತೇವವನ್ನು ಹೀರಿಕೊಂಡು ರಾತ್ರಿಯೆಲ್ಲ ಒದ್ದೆಯಾಗಿಯೇ ಇರುತ್ತದೆ. ಕರಾವಳಿಯವರು ಮಳೆಗಾಲವನ್ನೇ ದೂರುವುದು ವಾಡಿಕೆ, ಆದರೆ ಜಡಿಮಳೆಯಲ್ಲಿ ಉಪ್ಪು ಸ್ವಲ್ಪಮಟ್ಟಿಗಾದರೂ ತೊಳೆದುಹೋಗುತ್ತದೆ. ಮಳೆ ನಿಂತ ಮೇಲಿನ ತಿಂಗಳುಗಳಲ್ಲಿ ಅದು ಪದರ ಪದರವಾಗಿ ಕೂಡಿಕೊಳ್ಳುತ್ತದೆ. ಗಾಲಿಗೆ ವಾರಕ್ಕೊಮ್ಮೆ ಸಿಹಿನೀರಿನ ಸ್ನಾನ ಹೆಚ್ಚು ಬೇಕಾಗುವುದು ಅಕ್ಟೋಬರಿನಿಂದ ಮೇವರೆಗೆ.

ಬಿಳಿ ಹುಳುವಿನಂಥ ಗೆರೆಗಳು ಲೇಪ ಒಡೆದ ಅಂಚಿನಿಂದ ಒಳಕ್ಕೆ ತೆವಳುವ ಕೊರೆತ. ಮುಖವನ್ನು ಲೇತ್‌ನಲ್ಲಿ ಕಡೆದು ಕನ್ನಡಿಯಂತೆ ಹೊಳೆಯಿಸಿರುವ ‘ಡೈಮಂಡ್ ಕಟ್’ ಗಾಲಿಗಳಿಗೆ ಇದು ಬೇಗ ತಗಲುತ್ತದೆ, ಏಕೆಂದರೆ ಕಡೆದ ಚೂಪು ಅಂಚಿನ ಮೇಲೆ ಲೇಪ ತೆಳುವಾಗಿ ಕೂರುತ್ತದೆ. ಮೇಲಾಗಿ ಅಲ್ಲಿ ಲೇಪದ ಕೆಳಗೆ ಬಣ್ಣವೂ ಇರುವುದಿಲ್ಲ. ಫುಟ್‌ಪಾತ್‌ಗೆ ಉಜ್ಜಿದ ಒಂದು ಗಾಯವಿದ್ದರೂ ಉಪ್ಪಿಗೆ ಬಾಗಿಲು ತೆರೆದಂತೆ. ಹೊಸ ಗಾಯವಾದ ದಿನವೇ ಅದನ್ನು ತೊಳೆದು, ಒಣಗಿಸಿ, ಟಚ್-ಅಪ್ ಲೇಪ ಹಚ್ಚಿ ಮುಚ್ಚಿದರೆ ಈ ಹುಳು ಹುಟ್ಟುವುದಿಲ್ಲ. ಕಡಲ ಬದಿಯಲ್ಲಿ ಇರುವವರು ಹೊಸ ಕಾರು ಕೊಳ್ಳುವಾಗ ಡೈಮಂಡ್ ಕಟ್‌ಗಿಂತ ಪೂರ್ತಿ ಬಣ್ಣ ಬಳಿದ ಗಾಲಿಯನ್ನು ಆರಿಸಿಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ, ಷೋರೂಮಿನಲ್ಲಿ ಅದು ಎಷ್ಟೇ ಸಪ್ಪೆಯಾಗಿ ಕಂಡರೂ.

ಗಾಳಿ ಸೋರುತ್ತಿರುವುದು ಟೈರಿನಿಂದಲ್ಲ, ಟೈರು ಗಾಲಿಗೆ ಒತ್ತಿ ಕೂರುವ ಅಂಚಿನಿಂದ. ಟ್ಯೂಬ್‌ಲೆಸ್ ಟೈರಿನಲ್ಲಿ ಗಾಳಿಯನ್ನು ಹಿಡಿದಿಡುವುದು ಆ ಅಂಚೇ. ಅಲ್ಲಿ ಕೊರೆತದ ಬಿಳಿ ಪುಡಿ ಎದ್ದು ಮೇಲ್ಮೈ ತರಿತರಿಯಾದರೆ ಗಾಳಿ ಎಳೆ ಎಳೆಯಾಗಿ ಹೊರಬೀಳುತ್ತದೆ. ಸೋಪಿನ ನೀರನ್ನು ಟೈರಿನ ತುಳಿತದ ಮೇಲೆ ಮಾತ್ರವಲ್ಲ, ಗಾಲಿಯ ಅಂಚಿನ ಸುತ್ತಲೂ, ಒಳಬದಿಯಲ್ಲಿಯೂ, ವಾಲ್ವಿನ ಬುಡದಲ್ಲಿಯೂ ಹಚ್ಚಿ ನೋಡುವಂತೆ ಅಂಗಡಿಯವರಿಗೆ ಹೇಳಿ. ಗುಳ್ಳೆಗಳು ತಾವೇ ಜಾಗ ತೋರಿಸುತ್ತವೆ. ಟೈರ್ ಕಳಚಿ, ಅಂಚನ್ನು ನಯವಾಗುವವರೆಗೆ ಉಜ್ಜಿ, ಬೀಡ್ ಸೀಲರ್ ಎಂಬ, ಸಂದು ಮುಚ್ಚುವ ಅಂಟು ಹಚ್ಚಿ ಕೂರಿಸಿದರೆ ಬಹುಪಾಲು ಗಾಲಿಗಳು ಸರಿಹೋಗುತ್ತವೆ.

ಗಾಲಿ ಹಬ್ಬಿಗೆ, ಅಂದರೆ ಅದನ್ನು ನಟ್‌ಗಳಿಂದ ಬಿಗಿಯುವ ನಡುಭಾಗಕ್ಕೆ (ಹಬ್), ಅಂಟಿಕೊಂಡಿರುವುದಕ್ಕೆ ಎರಡು ಲೋಹಗಳ ಜಗಳ ಕಾರಣ. ಅಲ್ಯೂಮಿನಿಯಂ ಗಾಲಿ, ಕಬ್ಬಿಣದ ಹಬ್, ನಡುವೆ ಉಪ್ಪುನೀರು ಸೇರಿದರೆ ಅದೊಂದು ಸಣ್ಣ ಬ್ಯಾಟರಿಯಾಗುತ್ತದೆ, ಸೋಲುವುದು ಅಲ್ಯೂಮಿನಿಯಂ. ವರ್ಷಕ್ಕೊಮ್ಮೆ ಗಾಲಿ ಬಿಚ್ಚಿಸಿ, ಎರಡೂ ಮುಖಗಳನ್ನು ತಂತಿ ಬ್ರಷ್‌ನಿಂದ ತಿಕ್ಕಿಸಿ, ಹಬ್ಬಿನ ನಡುವಿನ ಉಬ್ಬಿಗೆ ಮಾತ್ರ ಲೋಹಗಳು ಕಚ್ಚಿಕೊಳ್ಳದಂತೆ ತಡೆಯುವ ಆಂಟಿ-ಸೀಜ್ ಪೇಸ್ಟನ್ನು ತೆಳುವಾಗಿ ಸವರಿಸಿ. ನಟ್, ಬೋಲ್ಟ್‌ಗಳ ಥ್ರೆಡ್‌ಗೆ ಅದನ್ನು ಹಚ್ಚಬಾರದು, ಹಚ್ಚಿದರೆ ಜಾರಿಕೆ ಹೆಚ್ಚಾಗಿ ಬೋಲ್ಟು ಅಗತ್ಯಕ್ಕಿಂತ ಹೆಚ್ಚು ಎಳೆಯಲ್ಪಡುತ್ತದೆ. ನಟ್‌ಗಳನ್ನು ಎಷ್ಟು ಬಿಗಿಯಬೇಕೆಂಬುದು ಕಾರಿನ ಕೈಪಿಡಿಯಲ್ಲಿ ನ್ಯೂಟನ್ ಮೀಟರ್ ಲೆಕ್ಕದಲ್ಲಿರುತ್ತದೆ. ಅಷ್ಟೇ ಬಿಗಿಸಿ, 50ರಿಂದ 100 ಕಿ.ಮೀ. ಓಡಿದ ಬಳಿಕ ಇನ್ನೊಮ್ಮೆ ಪರೀಕ್ಷಿಸಬೇಕು. ಒದ್ದು ತೆಗೆಯುವ ಪ್ರಸಂಗ ಮತ್ತೆ ಬಂದರೆ, ಕಾರು ಜಾಕಿನ ಮೇಲಿರುವಾಗ ಒದೆಯಬೇಡಿ ಎಂಬುದಷ್ಟೇ ನನ್ನ ಬೇಡಿಕೆ. ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ, ಕಾರನ್ನು ನೆಲಕ್ಕಿಳಿಸಿ, ಒಂದೆರಡು ಅಡಿ ಹಿಂದೆ ಮುಂದೆ ಮೆಲ್ಲಗೆ ಉರುಳಿಸಿದರೆ ಕಾರಿನ ಭಾರಕ್ಕೇ ಗಾಲಿ ಬಿಟ್ಟುಕೊಳ್ಳುತ್ತದೆ.

ಕಣ್ಣೂರು ಮತ್ತು ತಲಶ್ಶೇರಿಯ ನಡುವಿನ ಮುಳಪ್ಪಿಲಂಗಾಡ್ ಕಡಲತೀರದ ಮರಳಿನ ಮೇಲೆ ಕಾರು ಓಡಿಸಿ ಬಂದವರೂ ಇಬ್ಬರು ಬರೆದಿದ್ದಾರೆ. ಅವರಿಗೂ ಇದೇ ಉತ್ತರ: ಮನೆಗೆ ಬಂದ ಮೇಲೆ ತೊಳೆಯೋಣವೆಂದು ಕಾಯದೆ ಅದೇ ದಿನ, ದಾರಿಯಲ್ಲಿಯೇ, ಗಾಲಿಯ ಒಳಬದಿಗೂ ಬ್ರೇಕಿನ ಸುತ್ತಲೂ ಸಿಹಿನೀರು ಹೊಡೆಸಿಕೊಂಡು ಬನ್ನಿ.

ಪ್ರಶ್ನೆ: ಅದಿರಿನ ಲಾರಿಗಳ ಹಿಂದೆ ದಿನವೂ ಓಡಾಡುವ ನಮ್ಮ ಬಿಳಿ ಕಾರಿನ ಗಾಲಿಗಳು ಸದಾ ಕೆಂಪು. ಐರನ್ ರಿಮೂವರ್ ಬೇಕೇ?
(ಗುತ್ತಿಗೆದಾರರು, ಸಂಡೂರು)

ಉತ್ತರ: ಸಾಮಾನ್ಯವಾಗಿ ಬೇಡ. ಅದಿರಿನ ದೂಳು ಕಬ್ಬಿಣದ ಆಕ್ಸೈಡ್, ಅಂದರೆ ಆಗಲೇ ತುಕ್ಕು ಹಿಡಿದು ಮುಗಿದ ಕಬ್ಬಿಣ. ಬ್ರೇಕಿನ ಚೂರಿನಂತೆ ಅದು ಬಿಸಿಯಾಗಿ ಬಂದು ಕಚ್ಚುವುದಿಲ್ಲ, ಸುಮ್ಮನೆ ಕೂರುತ್ತದೆ. ಆದರೆ ಆ ಅದಿರಿನಲ್ಲಿರುವ ಹೆಮಟೈಟ್ ಗಟ್ಟಿಯಾದ ಖನಿಜ. ಒಣ ಬಟ್ಟೆಯಿಂದ ಒರೆಸುವುದೇ ಅಲ್ಲಿ ಮಾಡುವ ದೊಡ್ಡ ತಪ್ಪು. ಒಂದೊಂದು ಒರೆತಕ್ಕೂ ನೂರಾರು ಗೀರುಗಳು ಬೀಳುತ್ತವೆ. ನೀರಿನ ಧಾರೆಯಲ್ಲಿ ಮೊದಲು ದೂಳನ್ನೆಲ್ಲ ಇಳಿಸಿ, ಆಮೇಲೆ ಮಾತ್ರ ಗಾಲಿಗೆ ಬ್ರಷ್ ತಾಗಿಸಿ.

ಪ್ರಶ್ನೆ: ಅಪಾರ್ಟ್‌ಮೆಂಟಿನಲ್ಲಿ ಪೈಪ್ ಹಿಡಿದು ಕಾರು ತೊಳೆಯಲು ಬಿಡುವುದಿಲ್ಲ. ಕೊಳವೆಬಾವಿಯ ನೀರು ಬಳಸಿದರೆ ಗಾಲಿಯ ಮೇಲೆ ಸುಣ್ಣದಂಥ ಚುಕ್ಕೆಗಳು ಉಳಿಯುತ್ತವೆ. ಕಡಿಮೆ ನೀರಿನಲ್ಲಿ ಗಾಲಿ ಸ್ವಚ್ಛವಾಗಿಡುವುದು ಹೇಗೆ?
(ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು)

ಉತ್ತರ: ಬಿಡದಿರುವುದು ಸರಿಯೇ. 2024ರ ಮಾರ್ಚ್‌ನಲ್ಲಿ ನೀರಿನ ಅಭಾವ ತಲೆದೋರಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ, ತಪ್ಪಿದವರಿಗೆ 5000 ರೂಪಾಯಿ ದಂಡ ಗೊತ್ತುಪಡಿಸಿದ್ದು ತಮಗೆ ನೆನಪಿರಬಹುದು. ಪೈಪಿನಿಂದ ಹರಿಯುವ ನೀರಿನ ಬಹುಪಾಲು ಗಾಲಿಯನ್ನು ಮುಟ್ಟದೆಯೇ ಚರಂಡಿ ಸೇರುತ್ತದೆ. ಗಿಡಗಳಿಗೆ ಸಿಂಪಡಿಸುವ ಎರಡು ಲೀಟರಿನ ಕೈಪಂಪೊಂದನ್ನು ಹೊಸದಾಗಿ ತಂದಿಟ್ಟುಕೊಳ್ಳಿ. ಕೀಟನಾಶಕ ತುಂಬಿದ್ದ ಹಳೆಯದು ಬೇಡ. ಶಾಂಪೂ ಬೆರೆಸಿದ ನೀರನ್ನು ಅದರಿಂದ ಸಿಂಪಡಿಸಿ ಎರಡು ನಿಮಿಷ ನೆನೆಯಲು ಬಿಟ್ಟು, ಬ್ರಷ್‌ನಿಂದ ಉಜ್ಜಿ, ಬರಿಯ ನೀರನ್ನು ಮತ್ತೊಮ್ಮೆ ಸಿಂಪಡಿಸಿ, ಒರೆಸಿ. ನಾಲ್ಕು ಗಾಲಿಗಳಿಗೆ ಹತ್ತು ಲೀಟರ್ ಮೀರುವುದಿಲ್ಲ.

ಸುಣ್ಣದಂಥ ಚುಕ್ಕೆಗಳು ನಿಜಕ್ಕೂ ಸುಣ್ಣದ ಬಳಗದವೇ, ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿ, ಬೇರೆ ನೀರೇ ಇಲ್ಲದಾಗ 600ರವರೆಗೆ ಅನುಮತಿಯಿದೆ. ಅಂಥ ಗಡಸು ನೀರಿನ ಹನಿ ಗಾಲಿಯ ಮೇಲೆಯೇ ಆವಿಯಾದರೆ ಲವಣವೆಲ್ಲ ಅಲ್ಲೇ ಉಳಿಯುತ್ತದೆ. ಹನಿಯನ್ನು ಒಣಗಲು ಬಿಡದೆ ಒರೆಸುವುದೇ ಮದ್ದು. ಆಗಲೇ ಕುಳಿತಿರುವ ಚುಕ್ಕೆಗೆ, ಲೇಪ ಒಡೆಯದ ಗಾಲಿಯಾದರೆ ಮಾತ್ರ, ಅಡುಗೆಯ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲಿ ಅದ್ದಿ ಒಂದು ನಿಮಿಷ ಒರೆಸಿ, ತಕ್ಷಣ ತೊಳೆಯಬೇಕು. ಧಾರವಾಡದ ಅಮ್ಮನವರಿಗೆ ಹುಳಿ ಬೇಡವೆಂದು ಹೇಳಿ ತಮಗೆ ಹುಳಿಯನ್ನೇ ಹೇಳುತ್ತಿರುವುದು ವಿರೋಧಾಭಾಸವಾಗಿ ಕಾಣಬಹುದು. ಇಲ್ಲಿ ಉಪ್ಪಿಲ್ಲ, ಕರಗಬೇಕಾದ ವಸ್ತು ಲೇಪದ ಮೇಲೆಯೇ ಇದೆ, ಹುಳಿ ಇರುವುದು ಒಂದು ನಿಮಿಷ ಮಾತ್ರ.

ಪ್ರಶ್ನೆ: ತೋಟದ ದಾರಿಯಲ್ಲಿ ಓಡಾಡಿ ಬಂದ ಮೇಲೆ ಹೆದ್ದಾರಿಯಲ್ಲಿ ವೇಗ 80 ದಾಟಿದರೆ ಸ್ಟಿಯರಿಂಗ್ ನಡುಗುತ್ತದೆ. ಹದಿನೈದು ದಿನಗಳ ಹಿಂದೆಯಷ್ಟೇ ಬ್ಯಾಲೆನ್ಸಿಂಗ್ ಮಾಡಿಸಿದ್ದೆ.
(ಕೃಷಿಕರು, ಕೊಪ್ಪ)

ಉತ್ತರ: ಹಣ ಕೊಟ್ಟು ಮತ್ತೆ ಬ್ಯಾಲೆನ್ಸಿಂಗ್ ಮಾಡಿಸುವ ಮೊದಲು ಗಾಲಿಯ ಒಳಬದಿಗೆ ಕೈಹಾಕಿ ನೋಡಿ. ಮಲೆನಾಡಿನ ಜೇಡಿಮಣ್ಣು ಗಾಲಿಯ ಒಳಗಿನ ಸುತ್ತಿನಲ್ಲಿ ರೊಟ್ಟಿಯಂತೆ ಮೆತ್ತಿಕೊಂಡು ಒಣಗುತ್ತದೆ. ಐದು, ಹತ್ತು ಗ್ರಾಂ ಸೀಸದ ತುಂಡಿನಿಂದ ಸಮತೋಲ ಮಾಡಿದ ಗಾಲಿಗೆ ಒಂದೇ ಕಡೆ ಅಂಗೈ ತುಂಬ ಮಣ್ಣು ಅಂಟಿದರೆ ನಡುಕ ಬಾರದೆ ಇರುತ್ತದೆಯೇ? ಮಣ್ಣು ಹಸಿಯಾಗಿರುವಾಗಲೇ ತೊಳೆಯುವುದು ಸುಲಭ. ಒಣಗಿದ್ದರೆ ಹತ್ತು ನಿಮಿಷ ನೆನೆಸಿ, ಮರದ ಕಡ್ಡಿಯಿಂದ ಎಬ್ಬಿಸಿ. ಕಬ್ಬಿಣದ ಸಲಾಕೆ ಬೇಡ. ಪ್ರೆಷರ್ ಪಂಪಿನ ಮೂತಿಯನ್ನು ಹತ್ತಿರ ಹಿಡಿಯುವುದೂ ಬೇಡ, ಅಲಾಯ್ ಗಾಲಿಯ ಒಳಗೆ ಅಂಟಿಸಿರುವ ಸಮತೋಲದ ತುಂಡುಗಳೇ ಕಿತ್ತು ಹೋದಾವು. ತೊಳೆದ ಮೇಲೂ ನಡುಕ ಉಳಿದರೆ ಆಗ ಬ್ಯಾಲೆನ್ಸಿಂಗಿಗೆ ಹೋಗಿ.

ಪ್ರಶ್ನೆ: ಆಯುಧಪೂಜೆಯಲ್ಲಿ ಗಾಲಿಗಳಿಗೆ ಹಚ್ಚಿದ ಅರಿಸಿನ, ಕುಂಕುಮ ಹೋಗುತ್ತಲೇ ಇಲ್ಲ. ಸೋಪು ಹಾಕಿದರೆ ಹಳದಿ ಕಲೆ ಕೆಂಪಾಯಿತು!
(ಗೃಹಿಣಿ, ಮಂಡ್ಯ)

ಉತ್ತರ: ಅರಿಸಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದನ್ನು ಆರತಿ ತಟ್ಟೆಯ ಓಕುಳಿ ನೀರಿನಲ್ಲಿ ತಾವು ಎಷ್ಟೋ ಬಾರಿ ನೋಡಿದ್ದೀರಿ. ತಮ್ಮ ಸೋಪಿನಲ್ಲಿದ್ದ ಕ್ಷಾರವೂ ಸುಣ್ಣದ ಕೆಲಸವನ್ನೇ ಮಾಡಿದೆ. ಅರಿಸಿನದ ಬಣ್ಣ ನೀರಿನಲ್ಲಿ ಕರಗುವುದು ಅತ್ಯಲ್ಪ, ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ, ಬಿಸಿಲಿಗೆ ತಾನಾಗಿಯೇ ಮಾಸುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರನ್ನು ಬಟ್ಟೆಗೆ ಹಾಕಿ ಕಲೆಯ ಮೇಲೆ ಒತ್ತಿ ಒರೆಸಿ, ಕೂಡಲೇ ನೀರಿನಿಂದ ತೊಳೆದು, ಕಾರನ್ನು ಎರಡು ಮೂರು ದಿನ ಬಿಸಿಲಿನಲ್ಲಿ ನಿಲ್ಲಿಸಿ. ಅಂಗಡಿಯ ಕುಂಕುಮದಲ್ಲಿ ಕೃತಕ ಬಣ್ಣವಿದ್ದರೆ ಅದು ಇಷ್ಟಕ್ಕೆ ಪೂರ್ತಿ ಹೋಗದೆಯೂ ಇರಬಹುದು. ಮುಂದಿನ ವರ್ಷ ಪೂಜೆಗೆ ಮುನ್ನ ಗಾಲಿಗಳಿಗೆ ವ್ಯಾಕ್ಸ್ ಹಚ್ಚಿ ಒರೆಸಿದ್ದರೆ ಬಣ್ಣ ಲೇಪಕ್ಕೆ ಇಳಿಯುವುದಿಲ್ಲ. ಅಥವಾ ಗಂಧ, ಕುಂಕುಮವನ್ನು ಟೈರಿಗೆ ಇಟ್ಟರೆ ದೇವರೇನೂ ಬೇಸರಿಸನು. ಚಕ್ರದ ಕೆಳಗಿನ ನಿಂಬೆಹಣ್ಣಿನಿಂದ ಗಾಲಿಗೆ ಯಾವ ಅಪಾಯವೂ ಇಲ್ಲ. ರಸ್ತೆಯ ನಡುವೆ ಒಡೆದು ಬಿಟ್ಟ ಬೂದುಗುಂಬಳದಿಂದ ಹಿಂದೆ ಬರುವ ದ್ವಿಚಕ್ರ ಸವಾರರಿಗೆ ಮಾತ್ರ ಅಪಾಯ ತಪ್ಪಿದ್ದಲ್ಲ, ಒಡೆದವರೇ ಬದಿಗೆ ಗುಡಿಸಬೇಕು.

ಪ್ರಶ್ನೆ: ನಾಲ್ಕು ಗಾಲಿಗಳಿಗೆ ಸೆರಾಮಿಕ್ ಕೋಟಿಂಗ್ ಮಾಡಲು ಅಂಗಡಿಯವರು ಎಂಟು ಸಾವಿರ ರೂಪಾಯಿ ಕೇಳುತ್ತಿದ್ದಾರೆ. ಅಷ್ಟು ಕೊಡುವುದು ಸಾರ್ಥಕವೇ?
(ವ್ಯಾಪಾರಿ, ಹುಬ್ಬಳ್ಳಿ)

ಉತ್ತರ: ಅದು ಏನು ಮಾಡುತ್ತದೆ ಎಂಬುದನ್ನು ತಿಳಿದು ಕೊಟ್ಟರೆ ಸಾರ್ಥಕ, ಅಂಗಡಿಯವರ ಮಾತನ್ನೆಲ್ಲ ನಂಬಿ ಕೊಟ್ಟರೆ ಅಲ್ಲ. ಕಾರ್ನೂಬಾ ಮೇಣದ ವ್ಯಾಕ್ಸ್ ಸುಮಾರು 82ರಿಂದ 86 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬ್ರೇಕಿನ ಶಾಖ ಬಡಿಯುವ ಗಾಲಿಯ ಮೇಲೆ ಅದು ಕೆಲವು ವಾರಗಳ ಅತಿಥಿ ಮಾತ್ರ. ಪಾಲಿಮರ್ ಸೀಲಂಟ್ ಕೆಲವು ತಿಂಗಳು ನಿಲ್ಲುತ್ತದೆ. ಸಿಲಿಕಾ ಆಧಾರಿತ ಸೆರಾಮಿಕ್ ಲೇಪ ಶಾಖಕ್ಕೂ ರಾಸಾಯನಿಕಕ್ಕೂ ಇವೆರಡಕ್ಕಿಂತ ಹೆಚ್ಚು ತಾಳಿಕೊಳ್ಳುತ್ತದೆ. ಇದರ ಲಾಭ ಗಾಲಿ ಕೊಳೆಯಾಗದಿರುವುದಲ್ಲ, ಕೊಳೆ ಬೇಗ ಬಿಟ್ಟುಕೊಳ್ಳುವುದು. ಬರಿಯ ನೀರು, ಶಾಂಪೂವಿಗೇ ಕಪ್ಪು ಇಳಿದರೆ ಬಿರುಸಾದ ಯಾವ ದ್ರವದ ಅಗತ್ಯವೂ ಬೀಳುವುದಿಲ್ಲ. ಫುಟ್‌ಪಾತಿನ ಉಜ್ಜುವಿಕೆಯನ್ನು ಅದು ತಡೆಯುವುದಿಲ್ಲ, ಲೇಪದ ಕೆಳಗೆ ಆಗಲೇ ಆರಂಭವಾಗಿರುವ ಕೊರೆತವನ್ನಂತೂ ನಿಲ್ಲಿಸುವುದೇ ಇಲ್ಲ.

ಹಣದ ಬೆಲೆ ನಿಂತಿರುವುದು ಮುಂಚಿನ ತಯಾರಿಯ ಮೇಲೆ. ಗಾಲಿಗಳನ್ನು ಬಿಚ್ಚುತ್ತಾರೆಯೇ, ಒಳಬದಿಯನ್ನೂ ತೊಳೆಯುತ್ತಾರೆಯೇ, ಕಬ್ಬಿಣದ ಕಣಗಳನ್ನು ತೆಗೆದು ಪೂರ್ತಿ ಒಣಗಿಸುತ್ತಾರೆಯೇ, ಲೇಪ ಗಟ್ಟಿಯಾಗಲು ಎಷ್ಟು ಹೊತ್ತು ಬಿಡುತ್ತಾರೆ ಎಂದು ಕೇಳಿ. ಗಾಲಿ ಬಿಚ್ಚದೆಯೇ ಅರ್ಧ ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎಂದರೆ ಎದ್ದು ಬನ್ನಿ. ಹೊಸ ಗಾಲಿಯಾದರೆ ಮಾಡಿಸಬಹುದು. ಆರೇಳು ವರ್ಷದ, ಗೀರು ಬಿದ್ದ ಗಾಲಿಗೆ ಮೂರು ತಿಂಗಳಿಗೊಮ್ಮೆ ತಾವೇ ಸೀಲಂಟ್ ಹಚ್ಚಿಕೊಂಡರೆ ಸಾಕು.

ಪ್ರಶ್ನೆ: ನಮ್ಮದು ಸಾಧಾರಣ ಕಬ್ಬಿಣದ ಗಾಲಿ, ಮೇಲೆ ಪ್ಲಾಸ್ಟಿಕ್ ವೀಲ್ ಕ್ಯಾಪ್. ಇದಕ್ಕೂ ಆರೈಕೆ ಬೇಕೇ?
(ಅಂಚೆ ಇಲಾಖೆಯ ನಿವೃತ್ತರು, ತುಮಕೂರು)

ಉತ್ತರ: ಬೇಕು, ಆದರೆ ಕಡಿಮೆ ಮುಚ್ಚಟೆಯದು. ಗುಂಡಿಯಲ್ಲಿ ಹಾರಿಹೋಗದಿರಲೆಂದು ಕ್ಯಾಪನ್ನು ಕೇಬಲ್ ಟೈನಿಂದ ಕಟ್ಟಿ ವರ್ಷಗಟ್ಟಲೆ ಬಿಚ್ಚದೆ ಬಿಡುವುದು ನಮ್ಮಲ್ಲಿ ಸಾಮಾನ್ಯ. ಒಳಗೆ ಒದ್ದೆ ಮಣ್ಣು ಕೂತು ತುಕ್ಕು ಏಳುತ್ತದೆ. ವರ್ಷಕ್ಕೆರಡು ಬಾರಿ ಕ್ಯಾಪ್ ತೆಗೆದು ತೊಳೆಯಿರಿ. ತುಕ್ಕು ಕಂಡಲ್ಲಿ ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಹಾಕಿ, ಬಣ್ಣ ಬಳಿಯಿರಿ. ಒಂದು ಎಚ್ಚರಿಕೆ: ಗಾಲಿಯು ಹಬ್ಬಿಗೆ ತಾಗುವ ಮುಖಕ್ಕೂ, ನಟ್‌ಗಳು ಕೂರುವ ಗುಳಿಗಳಿಗೂ ದಪ್ಪಗೆ ಬಣ್ಣ ಬಳಿಯಬಾರದು. ಓಡುವಾಗ ಆ ಬಣ್ಣ ಜಜ್ಜಿಹೋಗಿ, ಬಿಗಿದಿದ್ದ ನಟ್‌ಗಳು ಸಡಿಲವಾಗುತ್ತವೆ. ಡಿಕ್ಕಿಯ ಅಡಿಯಲ್ಲಿ ಮಲಗಿರುವ ಸ್ಟೆಪ್ನಿಯನ್ನೂ ಅದೇ ದಿನ ಹೊರತೆಗೆದು ನೋಡಿ, ಗಾಳಿ ಹಾಕಿಸಿ.

ಪ್ರಶ್ನೆ: ಗಾಲಿ ತೊಳೆದ ಮೇಲೆ ಟೈರಿನ ಪಕ್ಕೆ ಕಂದುಬಣ್ಣಕ್ಕೆ ತಿರುಗುತ್ತದೆ. ಕೊಳೆಯೇ, ಕಳಪೆ ಟೈರೇ?
(ವಿದ್ಯಾರ್ಥಿ, ಕಲಬುರಗಿ)

ಉತ್ತರ: ಎರಡೂ ಅಲ್ಲ. ಗಾಳಿಯ ಓಜೋನ್ ರಬ್ಬರನ್ನು ಬಿರಿಯಿಸದಿರಲೆಂದು ಟೈರಿನಲ್ಲಿ ಬೆರೆಸಿರುವ ರಕ್ಷಕ ರಾಸಾಯನಿಕ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಬರುತ್ತಿರುತ್ತದೆ. ಅದು ಗಾಳಿಗೆ ತಾಗಿ ಕಂದಾಗುತ್ತದೆ. ಕಲಬುರಗಿಯ ಬಿಸಿಲಿನಲ್ಲಿ ಟೈರಿಗೆ ಅದರ ಅಗತ್ಯ ಹೆಚ್ಚೇ ಇರುವುದರಿಂದ ದಿನವೂ ತಿಕ್ಕಿ ತೆಗೆಯಬೇಡಿ. ಕಪ್ಪಾಗಿ ಕಾಣಲೇಬೇಕೆಂದರೆ ನೀರು ಆಧಾರಿತ ಟೈರ್ ಡ್ರೆಸ್ಸಿಂಗನ್ನು ಸ್ಪಾಂಜಿಗೆ ಹಾಕಿ ಪಕ್ಕೆಗೆ ಮಾತ್ರ ಹಚ್ಚಿ, ಹೆಚ್ಚಾದದ್ದನ್ನು ಒರೆಸಿ. ನೆಲಕ್ಕೆ ತಾಗುವ ತುಳಿತಕ್ಕೂ, ಬ್ರೇಕ್ ಡಿಸ್ಕಿಗೂ ಅದು ಒಂದು ಹನಿಯೂ ತಾಗಬಾರದು. ದ್ವಿಚಕ್ರ ವಾಹನದ ಟೈರಿಗಂತೂ ಅದನ್ನು ಹಚ್ಚಲೇಬಾರದು, ತಿರುವಿನಲ್ಲಿ ವಾಲಿದಾಗ ನೆಲ ಮುಟ್ಟುವುದು ಆ ಪಕ್ಕೆಯ ಅಂಚೇ.